ಚಂಡಮಾರುತದ ಕಾಲಕ್ಕೆ ಮೊದಲು ಹಟ್ಟಿ ಸಿದ್ಧವಾಗಲಿ

ಪ್ರಶ್ನೆ: ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕರ್ನಾಟಕದ ಗಡಿಗೆ ತಾಗಿದ ಮಂಜೇಶ್ವರ ತಾಲೂಕಿನ ಕಡಲ ಬದಿಯಲ್ಲಿದೆ. ಮನೆಯಲ್ಲಿ ಮಾವ, ಅತ್ತೆ, ನಾನು ಮತ್ತು ಇಬ್ಬರು ಮಕ್ಕಳು, ಗಂಡ ಗಲ್ಫಿನಲ್ಲಿದ್ದಾರೆ. ಎರಡು ದನಗಳಿವೆ. ಒಂದು ಕಾಸರಗೋಡು ಗಿಡ್ಡ, ಇನ್ನೊಂದು ಮಿಶ್ರತಳಿ. ಮಿಶ್ರತಳಿಯದು ಜೂನ್ ಮೊದಲ ವಾರ ಕರು ಹಾಕಬೇಕು. ಎರಡು ಆಡು, ಒಂದು ನಾಯಿ, ಎರಡು ಬೆಕ್ಕು, ಹತ್ತು ಹನ್ನೆರಡು ಕೋಳಿಗಳೂ ಇವೆ. ಅಮೆರಿಕದ ಫ್ಲೋರಿಡಾದಲ್ಲಿರುವ ನನ್ನ ತಮ್ಮ, ಅಲ್ಲಿಯವರು ಚಂಡಮಾರುತದ ಕಾಲಕ್ಕೆ ಮಾಡಿಕೊಳ್ಳುವ ಸಿದ್ಧತೆಯ ಪಟ್ಟಿಯೊಂದನ್ನು ಕಳುಹಿಸಿದ್ದಾನೆ. ಕಿಟಕಿಗೆ ಪ್ಲೈವುಡ್ ಹಲಗೆ ಬಡಿಯುವುದು, ಡಬ್ಬಿಯ ಆಹಾರ, ಜನರೇಟರ್, ಸಾಕುಪ್ರಾಣಿಗಳಿಗೆ ಬೇರೆಯೇ ಚೀಲ ಎಂದೆಲ್ಲ ಇದೆ. ಇದರಲ್ಲಿ ನಮಗೆ ಯಾವುದು ಬೇಕು? ಹಿಂದೊಮ್ಮೆ ಮನೆ ಬಿಡಬೇಕೆಂದು ಪಂಚಾಯತಿನವರು ಹೇಳಿದಾಗ ಮಾವನವರು ದನಗಳನ್ನು ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದರು. ಅವರನ್ನು ಒಪ್ಪಿಸುವುದು ಹೇಗೆ?

ಉತ್ತರ: ನಿಮ್ಮ ಮಾವನವರನ್ನು ಒಪ್ಪಿಸುವ ಅಗತ್ಯವಿಲ್ಲ. ದನಗಳನ್ನು ಅವರಿಗಿಂತ ಒಂದು ದಿನ ಮೊದಲು ಕಳುಹಿಸಿ, ಅವರು ತಾವಾಗಿಯೇ ಹೊರಡುತ್ತಾರೆ. ಇದು ಅವರೊಬ್ಬರ ಹಟವೂ ಅಲ್ಲ. 2005ರಲ್ಲಿ ಕತ್ರಿನಾ ಚಂಡಮಾರುತ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದಾಗ, ಸಾಕುಪ್ರಾಣಿಗಳನ್ನು ಬಿಟ್ಟು ಬರಲಾರದೆ ಮನೆಯಲ್ಲೇ ಉಳಿದವರು ಬಹಳ ಮಂದಿ ಇದ್ದರು. ಆಶ್ರಯ ಶಿಬಿರಗಳಲ್ಲಿ ಪ್ರಾಣಿಗಳಿಗೆ ಜಾಗವಿರಲಿಲ್ಲ. ಮರುವರ್ಷವೇ, 2006ರಲ್ಲಿ, ವಿಪತ್ತಿನ ಯೋಜನೆಗಳಲ್ಲಿ ಸಾಕುಪ್ರಾಣಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಅಲ್ಲಿ ಕಾನೂನು ಬಂತು. ನಿಮ್ಮ ತಮ್ಮನ ಪಟ್ಟಿಯಲ್ಲಿ ಪ್ರಾಣಿಗಳ ಚೀಲ ಇರುವುದರ ಹಿಂದೆ ಆ ಅನುಭವವಿದೆ. ಪಟ್ಟಿಯ ಉಳಿದ ಭಾಗ ಕೈಬಿಟ್ಟರೂ ಆ ಒಂದು ಸಾಲನ್ನು ಕೈಬಿಡಬೇಡಿ. ನಮ್ಮಲ್ಲಿ ಶಿಬಿರ ನಡೆಯುವುದು ಶಾಲೆಗಳಲ್ಲಿ. ಅಲ್ಲಿ ಜನರಿಗೇ ಜಾಗ ಸಾಲದು. ದನ, ಆಡುಗಳ ಮಾತು ದೂರವೇ ಉಳಿಯಿತು. ಆದ್ದರಿಂದ ಮನೆಯ ಸಿದ್ಧತೆಯನ್ನು ಹಟ್ಟಿಯಿಂದ ಆರಂಭಿಸಬೇಕು ಎನ್ನುವುದು ಈ ಜಿಲ್ಲೆಯಲ್ಲಿ ಪಶುವೈದ್ಯನಾಗಿ ದುಡಿದ ನನ್ನ ದೃಢವಾದ ಅಭಿಪ್ರಾಯ.

ಮೊದಲು ಕಾಲದ ವಿಚಾರ. ಅಟ್ಲಾಂಟಿಕ್ ಕಡೆಯವರ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ ಒಂದೇ ಹರವು. ಅರಬ್ಬೀ ಸಮುದ್ರದಲ್ಲಿ ಹಾಗಿಲ್ಲ. ಮುಂಗಾರು ಬಲಗೊಂಡ ಮೇಲೆ ಇಲ್ಲಿ ಚಂಡಮಾರುತ ಅಪರೂಪ. ಅದಕ್ಕೆ ಮುಂಚೆ ಏಪ್ರಿಲಿನಿಂದ ಜೂನ್ ನಡುವೆ ಒಂದು ಕಾಲ, ಮಳೆಗಾಲ ಮುಗಿದ ಮೇಲೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇನ್ನೊಂದು ಕಾಲ. ನಮ್ಮ ಹಿರಿಯರು ಮಳೆಗಾಲದ ಸಿದ್ಧತೆಗೆ ಇಟ್ಟುಕೊಂಡ ಗಡುವು ಪತ್ತನಾಜೆ, ಅಂದರೆ ಮೇ 24ರ ಹೊತ್ತು. ಅಷ್ಟರೊಳಗೆ ಮನೆಯ ಮಾಡು (ಛಾವಣಿ) ಸರಿಯಾಗಬೇಕು, ಕಟ್ಟಿಗೆ ಒಳಗೆ ಸೇರಬೇಕು, ಬೈಹುಲ್ಲು ಅಟ್ಟ ಏರಬೇಕು. ಮುಂಗಾರಿಗೆ ಈ ಲೆಕ್ಕ ಸರಿಯಾಗಿತ್ತು. ಆದರೆ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಎದುರು ಹಾದುಹೋದದ್ದು 2021ರ ಮೇ ತಿಂಗಳ ನಡುವೆ, ಪತ್ತನಾಜೆಗೆ ವಾರಕ್ಕೂ ಹೆಚ್ಚು ಮುಂಚೆ. ಒಖಿ ಬಂದದ್ದು 2017ರ ನವೆಂಬರ್ ಕೊನೆಯಲ್ಲಿ, ಮಳೆಯನ್ನು ಜನ ಮರೆತಿದ್ದ ಹೊತ್ತಿಗೆ. ಹಾಗಾಗಿ ಗಡುವನ್ನು ವಿಷುವಿಗೆ, ಅಂದರೆ ಏಪ್ರಿಲ್ ನಡುವಿಗೆ, ಹಿಂದೆ ಸರಿಸಿ. ನಿಮ್ಮ ಪತ್ರ ವಿಷುವಿಗೆ ಮೊದಲೇ ಬಂದದ್ದು ಒಳ್ಳೆಯದಾಯಿತು.

ನಮ್ಮಲ್ಲಿ ಚಂಡಮಾರುತ ತರುವ ಅಪಾಯವೂ ಫ್ಲೋರಿಡಾದ್ದಲ್ಲ. ಅರಬ್ಬೀ ಸಮುದ್ರದ ಚಂಡಮಾರುತಗಳು ಹೆಚ್ಚಾಗಿ ಕರಾವಳಿಗೆ ಸಮಾನಾಂತರವಾಗಿ ವಾಯವ್ಯಕ್ಕೆ ಸಾಗಿ ಗುಜರಾತಿಗೋ ಒಮಾನಿಗೋ ಹೋಗಿ ಬಡಿಯುತ್ತವೆ. ತೌಕ್ತೆಯೂ ನೆಲ ಮುಟ್ಟಿದ್ದು ಮೇ 17ರಂದು ಗುಜರಾತಿನಲ್ಲಿ. ಆದರೆ ಅದು ದೂರದ ಕಡಲಿನಲ್ಲೇ ಹೋಗುತ್ತಿದ್ದಾಗ ಎಬ್ಬಿಸಿದ ಅಲೆ ಉಪ್ಪಳದ ಮುಸೋಡಿಯಲ್ಲಿ ಮನೆಯನ್ನೇ ಕೆಡವಿತು. ಗಾಳಿಯ ಕೇಂದ್ರ ಎಲ್ಲಿದೆ ಎಂದು ಟಿವಿಯಲ್ಲಿ ನೋಡಿ, ‘ನಮಗೆ ಬರುವುದಿಲ್ಲ’ ಎಂದು ನಿರಾಳವಾಗುವುದು ನಮ್ಮ ಕಡಲ ಬದಿಯ ದೊಡ್ಡ ಅಪಾಯ. ನಿಮಗೆ ಬರುವುದು ಅಲೆ, ಮಳೆ ಮತ್ತು ಬಿಟ್ಟು ಬಿಟ್ಟು ಬೀಸುವ ಬಿರುಗಾಳಿ. ಇದರೊಂದಿಗೆ ಗಾಳಿಯೇ ಇಲ್ಲದೆ, ದಕ್ಷಿಣದ ದೂರ ಸಾಗರದಲ್ಲಿ ಹುಟ್ಟಿದ ಅಲೆಗಳು ದಡಕ್ಕೆ ನುಗ್ಗುವ ‘ಕಳ್ಳಕಡಲ್’ ಕೂಡ ಬೇಸಿಗೆಯ ಕೊನೆಗೆ ಬರುವುದುಂಟು. ಇದರ ಎಚ್ಚರಿಕೆ ಕೊಡುವುದು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ, ಇನ್‌ಕೋಯಿಸ್. ಆಕಾಶ ನಿರ್ಮಲವಾಗಿದ್ದರೂ ಆ ಎಚ್ಚರಿಕೆಯನ್ನು ನಂಬಿ.

ಗಡಿಯ ಮನೆಗಳಿಗೆ ಒಂದು ವಿಶೇಷ ತೊಂದರೆಯಿದೆ. ನಮ್ಮ ಹಿರಿಯರು ಕೇಳುವುದು ಮಂಗಳೂರು ಆಕಾಶವಾಣಿ, ನೋಡುವುದು ಕನ್ನಡ ವಾಹಿನಿ. ಅಲ್ಲಿ ಹೇಳುವ ಕಿತ್ತಳೆ, ಕೆಂಪು ಎಚ್ಚರಿಕೆ ದಕ್ಷಿಣ ಕನ್ನಡ ಜಿಲ್ಲೆಯದು. ಕಾಸರಗೋಡಿನದು ತಿರುವನಂತಪುರದ ಹವಾಮಾನ ಕೇಂದ್ರದಿಂದ ಬರುತ್ತದೆ, ಎರಡೂ ಒಂದೇ ಆಗಿರಬೇಕೆಂದಿಲ್ಲ. ಮನೆ ಬಿಡಿಸುವವರು, ಪರಿಹಾರ ಕೊಡುವವರು, ಶಾಲೆಗೆ ರಜೆ ಸಾರುವವರು ಎಲ್ಲರೂ ಕಾಸರಗೋಡಿನ ಜಿಲ್ಲಾಡಳಿತದವರೇ. ಹಾಗಾಗಿ ಮಕ್ಕಳ ಮೊಬೈಲಿನಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ಆ್ಯಪ್ ಹಾಕಿಸಿ, ಜಿಲ್ಲೆ ಕಾಸರಗೋಡು ಎಂದು ಆರಿಸಿ. ಸಿಡಿಲಿಗೆ ‘ದಾಮಿನಿ’ ಆ್ಯಪ್ ಇದೆ. ಮಲಯಾಳದಲ್ಲಿ ಬಂದ ಪ್ರಕಟಣೆಯನ್ನು ಅತ್ತೆ ಮಾವನಿಗೆ ಓದಿ ಹೇಳುವ ಹೊಣೆ ಮನೆಯಲ್ಲಿ ಒಬ್ಬರದೆಂದು ಗೊತ್ತುಪಡಿಸಿ. ಕಿತ್ತಳೆ ಎಂದರೆ 24 ಗಂಟೆಯಲ್ಲಿ 115.6ರಿಂದ 204.4 ಮಿಲಿಮೀಟರ್ ಮಳೆ, ಅದಕ್ಕೂ ಮೇಲಾದರೆ ಕೆಂಪು. ಚಂಡಮಾರುತಕ್ಕೆ ಬೇರೆಯೇ ಹಂತಗಳಿವೆ. ಪ್ರತಿಕೂಲ ಹವೆ ಆರಂಭವಾಗುವ 72 ಗಂಟೆ ಮುಂಚೆ ಮುನ್ನೋಟ, 48 ಗಂಟೆ ಮುಂಚೆ ಜಾಗ್ರತೆಯ ಸೂಚನೆ, 24 ಗಂಟೆ ಮುಂಚೆ ಎಚ್ಚರಿಕೆ.

ಈ 48 ಗಂಟೆಯ ಸೂಚನೆ ಬಂದ ದಿನವೇ ದನ ಮತ್ತು ಆಡುಗಳು ಹೊರಡಬೇಕು, ಅದೂ ಮಧ್ಯಾಹ್ನದೊಳಗೆ. ನಮ್ಮ ಕಡೆ ಬೇಸಿಗೆಯ ಸಿಡಿಲು ಹೆಚ್ಚಾಗಿ ಮಧ್ಯಾಹ್ನದ ಮೇಲೆ ಬರುತ್ತದೆ. ಮಳೆ ಸುರಿಯುವಾಗ, ಕತ್ತಲಾದ ಮೇಲೆ ಹೆದರಿದ ದನವನ್ನು ವಾಹನಕ್ಕೆ ಹತ್ತಿಸಲು ನಾಲ್ಕು ಗಂಡಸರಿದ್ದರೂ ಆಗದು. ಮನುಷ್ಯರು ಕೊನೆಯ ಗಂಟೆಯಲ್ಲೂ ಓಡಿಹೋಗಬಹುದು, ಜಾನುವಾರುಗಳಿಂದ ಆಗುವುದಿಲ್ಲ.

ಎಲ್ಲಿಗೆ ಕಳುಹಿಸುವುದು ಎನ್ನುವುದನ್ನು ಈಗಲೇ ಗೊತ್ತುಮಾಡಿ. ಪೆರ್ಲ, ಬದಿಯಡ್ಕ, ಪೈವಳಿಕೆಯಂತಹ ಗುಡ್ಡದ ಊರುಗಳಲ್ಲಿ ನೆಂಟರ ಹಟ್ಟಿ ಇದ್ದರೆ ಅದು ಉತ್ತಮ. ಹೋಗಿ ಕಣ್ಣಾರೆ ನೋಡಿ ಬನ್ನಿ. ಹಟ್ಟಿಯ ಹಿಂದೆ ಇತ್ತೀಚೆಗೆ ಜೆಸಿಬಿಯಿಂದ ಕಡಿದ ಗುಡ್ಡೆಯ ಬರೆ ಇದೆಯೇ, ತೋಡಿನ ಪಕ್ಕದಲ್ಲಿದೆಯೇ ಎಂದು ನೋಡಬೇಕು. ಕಡಲಿನಿಂದ ತಪ್ಪಿಸಿಕೊಂಡು ಹೋಗಿ ಬರೆ ಕುಸಿಯುವ ಜಾಗದಲ್ಲಿ ದನ ಕಟ್ಟಿದರೆ ಏನು ಪ್ರಯೋಜನ? ಹತ್ತಿರವೆಂದು ತಲಪಾಡಿ ದಾಟಿ ಉಳ್ಳಾಲದ ಕಡೆಗೆ ಕಳುಹಿಸುವ ಯೋಚನೆ ಮಾಡಬೇಡಿ. ಕರ್ನಾಟಕದಲ್ಲಿ ಜಾನುವಾರು ಸಾಗಾಟದ ನಿಯಮ ಬಿಗಿಯಾಗಿದೆ. ಸರಿಯಾದ ಕಾಗದಪತ್ರವಿಲ್ಲದೆ ಗಡಿಯಲ್ಲಿ ಮಳೆಯಲ್ಲಿ ನಿಲ್ಲಬೇಕಾದೀತು. ಗಡಿಯ ಈಚೆಗೇ ಜಾಗ ನೋಡಿ. ಪಿಕಪ್ ಇರುವ ಇಬ್ಬರು ಚಾಲಕರೊಂದಿಗೆ ಮುಂಚಿತವಾಗಿ ಮಾತಾಡಿ. ಅಂಥ ದಿನ ಎಲ್ಲರಿಗೂ ವಾಹನ ಬೇಕಾಗಿರುತ್ತದೆ, ಒಬ್ಬರನ್ನೇ ನಂಬಬೇಡಿ.

ಹತ್ತಿಸುವುದು ಅಭ್ಯಾಸದ ವಿಷಯ. ಅಂಗಳದ ಅಂಚಿನಲ್ಲಿ ಪಿಕಪ್ಪಿನ ಹಿಂಬಾಗಿಲಿನ ಎತ್ತರಕ್ಕೆ ಕೆಂಪುಕಲ್ಲು, ಮಣ್ಣು ಹಾಕಿ ಇಳಿಜಾರು ದಿಣ್ಣೆ ಮಾಡಿಸಿ. ಅದರ ಮೇಲೆ ಹಿಂಡಿ ಇಟ್ಟು ಕೆಲವು ದಿನ ದನಗಳನ್ನು ಹತ್ತಿಸಿ ಇಳಿಸಿ. ಗಿಡ್ಡ ತಳಿಯದು ಬೇಗ ಕಲಿಯುತ್ತದೆ, ಹತ್ತಿರವಾದರೆ ನಡೆದೇ ಹೋದೀತು. ಮಿಶ್ರತಳಿಯದು ಭಾರ, ಗೊರಸು ಜಾರುತ್ತದೆ. ವಾಹನದ ತಗಡಿನ ಮೇಲೆ ಮರಳು ಹರಡಿ ಅದರ ಮೇಲೆ ಬೈಹುಲ್ಲು ಹಾಸಬೇಕು. ಹೊರಡುವ ಮುಂಚೆ ಹಾಲು ಕರೆದುಬಿಡಿ. ಹಗ್ಗ ಗಿಡ್ಡವಾಗಿರಲಿ, ಗಂಟು ಒಂದೇ ಎಳೆತಕ್ಕೆ ಬಿಚ್ಚುವಂತಿರಲಿ. ಇನ್ನು ಗಬ್ಬದ ದನದ ವಿಚಾರ. ಕೊನೆಯ ತಿಂಗಳಲ್ಲಿ ಅದನ್ನು ವಾಹನದಲ್ಲಿ ಕುಲುಕಿಸುವುದು ತಾಯಿಗೂ ಕರುವಿಗೂ ಒಳ್ಳೆಯದಲ್ಲ. ಜೂನ್ ಮೊದಲ ವಾರ ಕರು ಹಾಕುವುದಾದರೆ, ಯಾವ ಎಚ್ಚರಿಕೆಗೂ ಕಾಯದೆ ಏಪ್ರಿಲ್ ಕೊನೆಗೇ ಅದನ್ನು ನೆಂಟರ ಹಟ್ಟಿಗೆ ಕಳುಹಿಸಿ, ಬಾಣಂತನ ಅಲ್ಲೇ ಆಗಲಿ. ಸಾಧ್ಯವಿದ್ದರೆ ಮಾವನವರೂ ಅದರ ಜೊತೆಗೆ ಹೋಗಿ ಇದ್ದು ಬರಲಿ.

ಹೊಸ ಜಾಗದಲ್ಲಿ ಮೇವಿನ ಬಗ್ಗೆ ನೆಂಟರಿಗೆ ಎರಡು ಮಾತು ಖಡಾಖಂಡಿತವಾಗಿ ಹೇಳಿಡಿ. ಗಾಳಿಗೆ ಮುರಿದು ಬಿದ್ದ ರಬ್ಬರ್ ಮರದ ಎಲೆ ಮತ್ತು ಮರಗೆಣಸಿನ ಎಲೆಯನ್ನು ದನ, ಆಡುಗಳಿಗೆ ಹಾಕಬಾರದು. ಅವುಗಳಲ್ಲಿ ಸಯನೈಡ್ ವಿಷವಿರುತ್ತದೆ. ಬಾಯಿ ಹಾಕಿದ ಕೆಲವೇ ನಿಮಿಷಗಳಲ್ಲಿ ಪ್ರಾಣಿ ಉಸಿರಿಗೆ ಒದ್ದಾಡಿ ಬೀಳಬಹುದು, ವೈದ್ಯರು ಬರುವವರೆಗೆ ಉಳಿಯದಿರಬಹುದು. ಎರಡನೆಯದು ಹಲಸು. ಮೇ ತಿಂಗಳ ಗಾಳಿಗೆ ಹಲಸಿನ ಹಣ್ಣು ರಾಶಿ ರಾಶಿ ಬೀಳುತ್ತದೆ. ಹಾಳಾಗುವುದೇಕೆಂದು ಒಂದೇ ಸಲ ಬುಟ್ಟಿಗಟ್ಟಲೆ ಹಾಕಿದರೆ ದನದ ಹೊಟ್ಟೆಯಲ್ಲಿ ಹುಳಿ ಏರಿ, ಉಬ್ಬರಿಸಿ, ನೆಲ ಹಿಡಿಯುತ್ತದೆ. ಶಿಬಿರದಲ್ಲಿ ಉಳಿದ ಅನ್ನ, ಗಂಜಿಯನ್ನು ಸುರಿದರೂ ಹೀಗೆಯೇ. ಪ್ರೀತಿಯಿಂದ ಹಾಕಿದ ಅನ್ನವೇ ದನವನ್ನು ಕೊಂದದ್ದನ್ನು ಪಶುವೈದ್ಯರೆಲ್ಲ ನೋಡಿರುತ್ತಾರೆ. ವಿಪತ್ತಿನ ವಾರದಲ್ಲಿ ಒಣ ಬೈಹುಲ್ಲೇ ಕ್ಷೇಮ. ದನಕ್ಕೆ ದಿನಕ್ಕೆ ಐದಾರು ಕಿಲೋ ಎಂದಿಟ್ಟುಕೊಂಡರೆ ವಾರಕ್ಕೆ 40 ಕಿಲೋ. ಅದನ್ನು ಮುಂಚಿತವಾಗಿ ಸಾಗಿಸಿ, ನೆಲದಿಂದ ಎತ್ತರದ ಹಲಗೆಯ ಮೇಲೆ ಟಾರ್ಪಾಲು ಹೊದಿಸಿಡಿ. ಒದ್ದೆಯಾಗಿ ಬೂಷ್ಟು ಹಿಡಿದ ಬೈಹುಲ್ಲನ್ನು ಒಣಗಿಸಿ ಹಾಕುತ್ತೇವೆ ಎನ್ನುವುದು ಬೇಡ, ಗೊಬ್ಬರಕ್ಕೆ ಹಾಕಿ.

ನಾಯಿಯ ವಿಷಯಕ್ಕೆ ಬಂದರೆ, ಅದು ನಿಮ್ಮ ಜೊತೆಗೇ ಬರಬೇಕು. ಕುತ್ತಿಗೆಪಟ್ಟಿಯ ಒಳಬದಿಗೆ ಅಳಿಸದ ಶಾಯಿಯಿಂದ ನಿಮ್ಮ ಮೊಬೈಲ್ ಸಂಖ್ಯೆ ಬರೆಯಿರಿ. ಮಕ್ಕಳೊಂದಿಗೆ ನಿಂತ ಒಂದು ಫೋಟೊ ತೆಗೆದಿಡಿ; ತಪ್ಪಿಸಿಕೊಂಡು ಸಿಕ್ಕಾಗ ಅದು ನಿಮ್ಮದೆನ್ನಲು ಅದೇ ಸಾಕ್ಷಿ. ಪಂಚಾಯತಿನ ನಾಯಿ ಪರವಾನಗಿ, ರೇಬೀಸ್ ಲಸಿಕೆಯ ಕಾರ್ಡು ಮನೆಯ ಕಾಗದಪತ್ರಗಳ ಜೊತೆಗಿರಲಿ; ಯಾರದಾದರೂ ಮನೆಯಲ್ಲಿ ಅದಕ್ಕೆ ಜಾಗ ಕೇಳುವಾಗ ಕಾರ್ಡು ತೋರಿಸಿದರೆ ಅರ್ಧ ಹೆದರಿಕೆ ಹೋಗುತ್ತದೆ. ಗುಡುಗಿಗೆ ನಡುಗುವ ನಾಯಿಯನ್ನು ಅಂಗಳದ ಸರಪಳಿಯಲ್ಲಿ ಬಿಡುವುದು ಕ್ರೌರ್ಯ, ಅಪಾಯವೂ ಹೌದು. ಒಳಕೋಣೆಯೊಂದರಲ್ಲಿ ಗೋಣಿ ಹಾಸಿ, ಈಗಿನಿಂದಲೇ ಅಲ್ಲಿ ಊಟ ಹಾಕಿ ರೂಢಿ ಮಾಡಿಸಿ. ಹತ್ತು ಕಿಲೋ ತೂಗುವ ನಾಯಿಗೆ ದಿನಕ್ಕೆ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ನೀರು ಬೇಕು, ಅದನ್ನು ನಿಮ್ಮ ನೀರಿನ ಲೆಕ್ಕದಲ್ಲಿ ಸೇರಿಸಿ.

ಬೆಕ್ಕುಗಳು ಹೆಚ್ಚು ಕಷ್ಟ. ಗಾಳಿಯ ಸದ್ದು ಬದಲಾದೊಡನೆ ಅಟ್ಟ ಸೇರಿದರೆ ಮತ್ತೆ ಕೈಗೆ ಸಿಗವು. ಮುಚ್ಚಳ ಕಟ್ಟಬಹುದಾದ ಪ್ಲಾಸ್ಟಿಕ್ ಬುಟ್ಟಿಯನ್ನು ಈಗಲೇ ತಂದು, ಒಳಗೆ ಮೀನಿನ ಚೂರು ಇಟ್ಟು, ಅದೇ ಅವುಗಳ ಮಲಗುವ ಜಾಗವಾಗುವಂತೆ ಮಾಡಿ. ಎಚ್ಚರಿಕೆ ಬಂದ ದಿನ ಬೆಳಿಗ್ಗೆಯೇ ಎರಡನ್ನೂ ಒಂದು ಕೋಣೆಯಲ್ಲಿ ಹಾಕಿ ಬಾಗಿಲು ಮುಚ್ಚಿಬಿಡಿ. ಗೋಣಿಚೀಲದಲ್ಲಿ ಕಟ್ಟಿ ಒಯ್ಯಬೇಡಿ, ಸೆಕೆಗೆ ಉಸಿರುಗಟ್ಟುತ್ತದೆ. ಹೊಸ ಮನೆಯಲ್ಲಿ ಅವುಗಳನ್ನು ಹೊರಗೆ ಬಿಟ್ಟರೆ ಹಳೆಯ ಮನೆ ಹುಡುಕಿಕೊಂಡು ಹೊರಡುತ್ತವೆ, ಆದ್ದರಿಂದ ಹಿಂದಿರುಗುವವರೆಗೂ ಒಳಗೇ ಇರಲಿ. ಜ್ವರವೆಂದು ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಡುವವರಿದ್ದಾರೆ. ಒಂದು ಮಾತ್ರೆ ಸಾಕು, ಬೆಕ್ಕು ಸಾಯುತ್ತದೆ. ನಾಯಿಗೂ ಮನುಷ್ಯರ ನೋವಿನ ಮಾತ್ರೆ, ನಿದ್ರೆಯ ಮಾತ್ರೆಗಳನ್ನು ಅಂದಾಜಿನಲ್ಲಿ ಕೊಡಬೇಡಿ.

ಕೋಳಿಗಳನ್ನು ಹಗಲಿನಲ್ಲಿ ಅಟ್ಟಿಸಿಕೊಂಡು ಹೋಗುವ ಬದಲು ರಾತ್ರಿ ಗೂಡಿನಲ್ಲಿ ಕುಳಿತಾಗ ಹಿಡಿದು ಬುಟ್ಟಿಗೆ ಹಾಕಿ, ಬೆಳಿಗ್ಗೆ ದನದ ಜೊತೆಗೆ ಕಳುಹಿಸಿ. ಅಷ್ಟೇ.

ಎಲ್ಲ ಸಿದ್ಧತೆ ಮಾಡಿದರೂ ಒಮ್ಮೊಮ್ಮೆ ನೀರು ಏಕಾಏಕಿ ನುಗ್ಗುತ್ತದೆ. ಆಗ ಒಂದೇ ನಿಯಮ: ಹಗ್ಗ ಕತ್ತರಿಸಿ, ಹಟ್ಟಿಯ ಬಾಗಿಲು ತೆರೆದಿಟ್ಟು, ನೀವು ಹೊರಡಿ. ದನ ಚೆನ್ನಾಗಿ ಈಜುತ್ತದೆ, ಎತ್ತರದ ನೆಲವನ್ನು ತಾನೇ ಹುಡುಕಿಕೊಳ್ಳುತ್ತದೆ. ನೆರೆಯಲ್ಲಿ ಸಾಯುವವು ಹೆಚ್ಚಾಗಿ ಕಟ್ಟಿದಲ್ಲೇ ಉಳಿದ ಪ್ರಾಣಿಗಳು. ಹಟ್ಟಿಯ ಕಂಬಕ್ಕೆ ಒಂದು ಹರಿತವಾದ ಕತ್ತಿಯನ್ನು ಮಕ್ಕಳ ಕೈಗೆಟುಕದ ಎತ್ತರದಲ್ಲಿ ಸಿಕ್ಕಿಸಿಡಿ. ಕಬ್ಬಿಣದ ಸರಪಳಿ ಕಟ್ಟುವ ರೂಢಿಯಿದ್ದರೆ ಇಂದೇ ಬಿಡಿ. ಅದನ್ನು ಕತ್ತರಿಸಲಾಗದು, ಸಿಡಿಲಿನ ಕಾಲದಲ್ಲಿ ಬೇರೆಯೇ ಅಪಾಯವನ್ನೂ ತರುತ್ತದೆ. ಸಿಡಿಲು ಮರಕ್ಕೆ ಬಡಿದಾಗ ವಿದ್ಯುತ್ತು ನೆಲದಲ್ಲಿ ಹರಡುತ್ತದೆ. ದನದ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚಿರುವುದರಿಂದ ಆ ಎರಡು ಬಿಂದುಗಳ ನಡುವೆ ಹರಿಯುವ ವಿದ್ಯುತ್ತು ಅದರ ಎದೆಯ ಮೂಲಕವೇ ಹಾದುಹೋಗುತ್ತದೆ. ಬೇಸಿಗೆಯ ಸಂಜೆ ತೆಂಗಿನ ಬುಡದಲ್ಲಿ ಕಟ್ಟಿದ ದನಗಳು ಸಾಯುವುದಕ್ಕೆ ಇದೇ ಕಾರಣ.

ಈಗ ಮನೆ. ಕಿಟಕಿಗೆ ಪ್ಲೈವುಡ್ ಬಡಿಯುವ ಖರ್ಚು ನಿಮಗೆ ಬೇಡ. ನಮ್ಮ ಕಿಟಕಿಗಳಿಗೆ ಸರಳುಗಳಿವೆ, ಮರದ ಬಾಗಿಲುಗಳಿವೆ. ಅವುಗಳ ಚಿಲಕ ಸರಿಪಡಿಸಿದರೆ ಸಾಕು. ನಮ್ಮ ಮನೆಗಳ ದುರ್ಬಲ ಭಾಗ ಮಾಡು. ಅದರಲ್ಲೂ ಟೆರೇಸಿನ ಮೇಲೆ ಅಡಿಕೆ ಒಣಗಿಸಲು, ಬಟ್ಟೆ ಹಾಕಲು ಕಬ್ಬಿಣದ ಕಂಬ ನಿಲ್ಲಿಸಿ ಹೊದಿಸಿದ ತಗಡಿನ ಶೀಟುಗಳು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 50 ಕಿಲೋಮೀಟರ್ ಗಾಳಿಗೆ ಬರೀ ಸದ್ದು ಮಾಡಿದ ಶೀಟು 100 ಕಿಲೋಮೀಟರಿಗೆ ಕಿತ್ತು ಹಾರಿ, ಕತ್ತಿಯಂತೆ ಯಾರ ಮೇಲೂ ಬೀಳಬಹುದು. ಸ್ಕ್ರೂಗಳ ಕೆಳಗಿನ ರಬ್ಬರ್ ವಾಷರು ಕಡಲ ಗಾಳಿಗೆ, ಬಿಸಿಲಿಗೆ ಒಡೆದಿರುತ್ತದೆ, ಕಬ್ಬಿಣ ಉಪ್ಪಿಗೆ ತುಕ್ಕು ಹಿಡಿದಿರುತ್ತದೆ. ಕೆಲಸಗಾರರನ್ನು ಕರೆಸಿ ಒಂದೊಂದನ್ನೂ ಬಿಗಿ ಮಾಡಿಸಿ. ಅಂಚಿನ ಸಾಲಿಗೆ ಹೆಚ್ಚು ಸ್ಕ್ರೂ ಹಾಕಿಸಿ, ಏಕೆಂದರೆ ಗಾಳಿ ಎತ್ತುವುದು ಅಂಚಿನಿಂದ. ಹಟ್ಟಿಯ ಶೀಟಿಗೂ ಇದೇ ಉಪಚಾರ ಆಗಬೇಕು. ಮನೆಯ ಮೇಲೆ, ಹಟ್ಟಿಯ ಮೇಲೆ ಬಾಗಿದ ತೆಂಗಿನ ಒಣ ಮಡಲು, ಬಲಿತ ಕಾಯಿಗಳನ್ನು ಇಳಿಸಿಬಿಡಿ. ತೆಂಗು ಹತ್ತುವವರು ಮೇ ತಿಂಗಳಲ್ಲಿ ಸಿಗುವುದು ಕಷ್ಟ, ಈಗಲೇ ಹೇಳಿಡಿ. ಟೆರೇಸಿನ ಖಾಲಿ ನೀರಿನ ಟ್ಯಾಂಕು ಹಾರುತ್ತದೆ. ತುಂಬಿಸಿಟ್ಟರೆ ಕೂರುತ್ತದೆ, ಕುಡಿಯಲು ನೀರೂ ಸಿಗುತ್ತದೆ.

ಜನರೇಟರ್ ಅಗತ್ಯವಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಕೊಂಡರೂ ಅದನ್ನು ಮನೆಯೊಳಗೆ, ಚಾವಡಿಯಲ್ಲಿ ಇಟ್ಟು ಓಡಿಸಬಾರದು, ಹೊಗೆಯಲ್ಲಿನ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಿಮಗೆ ಬೇಕಾದದ್ದು ಬಾವಿಗೆ ಹಳೆಯ ರಾಟೆ ಮತ್ತು ಹಗ್ಗ. ವಿದ್ಯುತ್ ಹೋದರೆ ಪಂಪು ನಿಲ್ಲುತ್ತದೆ. ಹಾಲು ಕೊಡುವ ದನವೊಂದೇ ದಿನಕ್ಕೆ 50-60 ಲೀಟರ್ ಕುಡಿಯುತ್ತದೆ. ಆಹಾರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಡಬ್ಬಿಯ ಆಹಾರದ ಬದಲು ಅವಲಕ್ಕಿ, ಬೆಲ್ಲ, ಕುಚ್ಚಲಕ್ಕಿ, ಉಪ್ಪಿನಕಾಯಿ, ಹಪ್ಪಳ ಇವೆಯಲ್ಲ, ಮಳೆಗಾಲಕ್ಕೆ ಕೂಡಿಡುವ ಕಲೆ ನಿಮ್ಮ ಅತ್ತೆಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಹೊರಡುವ ಚೀಲದಲ್ಲಿ ಅತ್ತೆ ಮಾವನ ದಿನದ ಮಾತ್ರೆಗಳು ಎರಡು ವಾರಕ್ಕೆ ಸಾಲುವಷ್ಟು, ಆಧಾರ್, ಪಡಿತರ ಚೀಟಿ, ಜಾಗದ ಕಾಗದ, ಬ್ಯಾಂಕ್ ಪುಸ್ತಕ, ದನಗಳ ವಿಮೆಯ ಪತ್ರ, ಟಾರ್ಚು, ಪವರ್ ಬ್ಯಾಂಕ್ ಇರಲಿ. ಹೊರಡುವಾಗ ಮೈನ್ ಸ್ವಿಚ್ ಮತ್ತು ಗ್ಯಾಸ್ ರೆಗ್ಯುಲೇಟರ್ ಆರಿಸಿ.

ಅಡಿಕೆ ತೋಟವಿರುವ ಮನೆಗಳಲ್ಲಿ ಮೈಲುತುತ್ತು ಇದ್ದೇ ಇರುತ್ತದೆ. ಮದ್ದು ಬಿಡುವ ಕಾಲವೂ ಇದೇ ಆದ್ದರಿಂದ ಅದರ ಚೀಲವನ್ನು ನೀರು ಮುಟ್ಟದ ಎತ್ತರದಲ್ಲಿಡಿ, ಕರಗಿದ ನೀರು ಹಟ್ಟಿಯ ಬಾನಿಗೆ ಸೇರಬಾರದು. ಇದೇ ಮೈಲುತುತ್ತು ಒಂದು ಕಡೆ ಮದ್ದೂ ಹೌದು. ಕೆಸರು ನೀರಿನಲ್ಲಿ ನಿಂತು ಗೊರಸಿನ ಸಂದು ಕೊಳೆತ ದನಕ್ಕೆ, ಲೀಟರಿಗೆ 50 ಗ್ರಾಂ ಕರಗಿಸಿದ ನೀರಿನಲ್ಲಿ ಕಾಲು ಅದ್ದಿಸಿದರೆ ಗುಣವಾಗುತ್ತದೆ. ಕುಡಿಯದಂತೆ ಮಾತ್ರ ನೋಡಿಕೊಳ್ಳಿ.

ಲಸಿಕೆಗಳು ವಿಷುವಿನ ಆಸುಪಾಸಿನಲ್ಲಿ ಮುಗಿಯಲಿ, ಏಕೆಂದರೆ ಚುಚ್ಚಿದ ದಿನವೇ ರಕ್ಷಣೆ ಸಿಗುವುದಿಲ್ಲ, ಎರಡು ಮೂರು ವಾರ ಬೇಕು. ದನಗಳಿಗೆ ಕಾಲುಬಾಯಿ ರೋಗ ಮತ್ತು ಗಂಟಲು ಬೇನೆ, ಕೋಳಿಗೆ ಕೊಕ್ಕರೆ ರೋಗ, ನಾಯಿಗೆ ರೇಬೀಸ್ ಜೊತೆಗೆ ಇಲಿಜ್ವರ ಸೇರಿದ ಲಸಿಕೆ. ಗಬ್ಬದ ದನಕ್ಕೆ ಯಾವುದನ್ನು ಕೊಡಬಹುದೆಂದು ನಿಮ್ಮ ಪಂಚಾಯತಿನ ಪಶು ಆಸ್ಪತ್ರೆಯಲ್ಲಿ ಕೇಳಿಯೇ ಕೊಡಿಸಿ. ದನಗಳ ಕಿವಿಯಲ್ಲಿ 12 ಅಂಕಿಯ ಓಲೆ ಇದೆಯೇ ನೋಡಿ, ಅದರ ಫೋಟೊ ಮೊಬೈಲಿನಲ್ಲಿರಲಿ.

ಗಾಳಿ ನಿಂತು ಮನೆಗೆ ಹಿಂದಿರುಗುವಾಗ ಮೊದಲು ಒಬ್ಬ ದೊಡ್ಡವರು, ಹಗಲಿನಲ್ಲಿ, ಬೂಟು ಹಾಕಿಕೊಂಡು ಹೋಗಲಿ. ದನ, ನಾಯಿಗಳನ್ನು ಮುಂದೆ ಬಿಡಬೇಡಿ. ಹರಿದು ಬಿದ್ದ ತಂತಿ ನೀರಿನಲ್ಲಿ ಕಾಣುವುದಿಲ್ಲ. ಕಂಡರೆ ಹತ್ತಿರ ಹೋಗದೆ 1912ಕ್ಕೆ ಕರೆ ಮಾಡಿ. ಹುಲ್ಲಿನ ಅಟ್ಟ, ಕಟ್ಟಿಗೆಯ ರಾಶಿ, ಕೋಳಿಗೂಡಿನಲ್ಲಿ ಹಾವು ಸೇರಿರುತ್ತದೆ. ಕೋಲಿನಿಂದ ತಟ್ಟಿ ನೋಡಿಯೇ ಕೈ ಹಾಕಿ. ಹಿಡಿಸಲು ಕೇರಳ ಅರಣ್ಯ ಇಲಾಖೆಯ ‘ಸರ್ಪ’ ಆ್ಯಪ್ ಮೂಲಕ ತರಬೇತಿ ಪಡೆದವರು ಬರುತ್ತಾರೆ. ಹಟ್ಟಿಯ ಕೆಸರು ತೆಗೆಯುವವರು ಇಲಿಜ್ವರದಿಂದ ರಕ್ಷಣೆಗೆ ಡಾಕ್ಸಿಸೈಕ್ಲಿನ್ ಮಾತ್ರೆಯ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ಕೇಳಬೇಕು.

ಬಾವಿಗೆ ನೆರೆನೀರು ಸೇರಿದ್ದರೆ ಬ್ಲೀಚಿಂಗ್ ಪೌಡರ್ ಹಾಕಬೇಕು, ಕಣ್ಣಳತೆಯಲ್ಲಿ ಅಲ್ಲ. ಬಾವಿಯ ಅಡ್ಡಳತೆಯನ್ನು ಮೀಟರಿನಲ್ಲಿ ಅಳೆದು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 785ರಿಂದ ಗುಣಿಸಿದರೆ ಲೀಟರಿನ ಲೆಕ್ಕ ಸಿಗುತ್ತದೆ. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ 9,420 ಲೀಟರ್. ನೆರೆಯ ನಂತರ ಸಾವಿರ ಲೀಟರಿಗೆ 5 ಗ್ರಾಂ, ಅಂದರೆ ಇಲ್ಲಿ ಸುಮಾರು 47 ಗ್ರಾಂ. ಬಕೆಟ್ಟಿನಲ್ಲಿ ಮೊದಲು ಸ್ವಲ್ಪ ನೀರಿನಲ್ಲಿ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ ಕದಡಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕಿಳಿದ ಮೇಲಿನ ತಿಳಿಯನ್ನು ಮಾತ್ರ ಬೇರೆ ಬಕೆಟ್ಟಿಗೆ ಬಗ್ಗಿಸಿ, ಬಾವಿಗಿಳಿಸಿ, ಮೇಲೆ ಕೆಳಗೆ ಆಡಿಸಿ ಬೆರೆಸಿ. ಒಂದು ಗಂಟೆಯ ನಂತರ ಬಳಸಬಹುದು, ಕುಡಿಯಲು ಕುದಿಸಿಯೇ. ಕಡಲ ನೀರು ಸೇರಿದ ಬಾವಿಗೆ ಮಾತ್ರ ಇದು ಪರಿಹಾರವಲ್ಲ. ಉಪ್ಪು ಹೋಗಬೇಕಾದರೆ ನೀರು ತೆಗೆಯಲೇಬೇಕು. ಆದರೆ ಸುತ್ತಲಿನ ಮರಳು ನೀರುಂಡಿರುವಾಗ ಒಂದೇ ದಿನ ಬರಿದು ಮಾಡಿದರೆ ಬಾವಿಯ ಕಟ್ಟೆ ಒಳಕ್ಕೆ ಕುಸಿಯುತ್ತದೆ. ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ತೆಗೆಯಿರಿ, ಅಲ್ಲಿಯವರೆಗೆ ದನಗಳಿಗೂ ಹೊರಗಿನ ನೀರೇ.

ಪ್ರಾಣಿ ಸತ್ತರೆ ದುಃಖದಲ್ಲಿ ಕೂಡಲೇ ಹೂಳಬೇಡಿ. ಕಿವಿಯೋಲೆ ಕಾಣುವಂತೆ ಫೋಟೊ ತೆಗೆದು, ಗ್ರಾಮಾಧಿಕಾರಿಗೂ ಪಶುವೈದ್ಯರಿಗೂ ತಿಳಿಸಿ, ಅವರ ಪ್ರಮಾಣಪತ್ರ ಪಡೆಯಿರಿ. ವಿಪತ್ತು ಪ್ರತಿಕ್ರಿಯಾ ನಿಧಿಯ 2022-26ರ ಮಾನದಂಡದಲ್ಲಿ ಹಾಲು ಕೊಡುವ ದನಕ್ಕೆ 37,500 ರೂಪಾಯಿ, ಆಡಿಗೆ 4,000, ಕೋಳಿಯೊಂದಕ್ಕೆ 100 ರೂಪಾಯಿ ಎಂದು ನಿಗದಿಯಾಗಿತ್ತು. ವಿಮೆ ಇದ್ದರೆ ಅದಕ್ಕೂ ಇದೇ ಪತ್ರ ಬೇಕು. ಸಂಚಾರಿ ಪಶುಚಿಕಿತ್ಸೆಗೆ 1962, ಜಿಲ್ಲಾ ನಿಯಂತ್ರಣ ಕೊಠಡಿಗೆ 1077. ಮೊಬೈಲಿನಿಂದಾದರೆ 1077ಕ್ಕೆ ಮೊದಲು ಎಸ್‌ಟಿಡಿ ಸಂಖ್ಯೆ 04994 ಸೇರಿಸಿ. ಈ ಸಂಖ್ಯೆಗಳನ್ನು ಹಟ್ಟಿಯ ಗೋಡೆಯಲ್ಲೂ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಿ. ನವರಾತ್ರಿಗೆ ಮನೆ ಗುಡಿಸುವಾಗ ಶೀಟಿನ ಸ್ಕ್ರೂ, ರಾಟೆಯ ಹಗ್ಗ, ಮಾತ್ರೆಗಳ ಅವಧಿ, ಬೆಕ್ಕಿನ ಬುಟ್ಟಿ ಇವನ್ನು ಇನ್ನೊಮ್ಮೆ ನೋಡಿ, ಟಾರ್ಪಾಲನ್ನು ಡಿಸೆಂಬರ್ ಮುಗಿಯುವವರೆಗೆ ಮಡಿಸಿ ಒಳಗಿಡಬೇಡಿ.